ಭಾವ ತೂಗಿ ತಂದ ಪವರ್ ಸಪ್ಲೈ

ವಸ್ತು ಯಾವುದೇ ಇರಲಿ, ಕೈಯಲ್ಲಿ ಎತ್ತಿ ನೋಡಿ, ಭಾರವಿದ್ದರೆ ಒಳ್ಳೆಯದು ಎಂದು ತೀರ್ಮಾನಿಸುವ ಮನೆತನಕ್ಕೆ ಸೊಸೆಯಾಗಿ ಬಂದವಳು ನಾನು. ಅತ್ತೆ ತೆಂಗಿನಕಾಯಿಯನ್ನು ಆರಿಸುವುದೂ ಹಾಗೆಯೇ, ಸೀರೆಯನ್ನು ಆರಿಸುವುದೂ ಹಾಗೆಯೇ. ನನ್ನ ಗಂಡನ ಅಣ್ಣ ದೇವಪಾಲ ಭಾವ ಬಂಟ್ವಾಳ ಪೇಟೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ ಇಟ್ಟವರು. ಅವರ ಅಂಗೈಗೂ ಅಂಗಡಿಯ ತಕ್ಕಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ನನ್ನನ್ನು ನೋಡಲು ಬಂದ ದಿನ ಅವರು ಕಾಫಿ ಕುಡಿದು ಮುಗಿಸಿ, ಖಾಲಿ ಲೋಟವನ್ನು ಮೇಲೆ ಕೆಳಗೆ ಆಡಿಸಿ ನೋಡಿ, "ಒಳ್ಳೆಯ ಮನೆ" ಎಂದರಂತೆ. ನನ್ನ ಮದುವೆ ನಿಶ್ಚಯವಾದದ್ದು ಒಂದು ಲೋಟದ ಬಲದಿಂದ.

ನಾನು ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ತೂಕಕ್ಕೂ ಯೋಗ್ಯತೆಗೂ ಸಂಬಂಧವಿಲ್ಲ ಎಂದು ಭಾವನಿಗೆ ಹೇಳಬಹುದಿತ್ತು. ಆದರೆ ಭಾಷೆಯೇ ಅವರ ಪಕ್ಷದಲ್ಲಿದೆ, ಏನು ಮಾಡುವುದು? ಒಳ್ಳೆಯ ಮಾತು ತೂಕದ ಮಾತು. ದೊಡ್ಡವರು ಘನವಂತರು. ಯಾರನ್ನಾದರೂ ಕಡೆಗಣಿಸಿದರೆ ಹಗುರವಾಗಿ ಕಂಡ ಹಾಗೆ. ಕಡೆಗೆ ಗುರು ಎಂಬ ಪದಕ್ಕೂ ಭಾರ ಎಂಬ ಅರ್ಥವಿದೆ. ಛಂದಸ್ಸಿನಲ್ಲಿ ಲಘುವಿಗೆ ಒಂದೇ ಮಾತ್ರೆ, ಗುರುವಿಗೆ ಎರಡು. ಇಷ್ಟೆಲ್ಲ ಸಾಕ್ಷಿ ಎದುರಿಗಿರುವಾಗ ಒಬ್ಬ ಸೊಸೆಯ ಭೌತಶಾಸ್ತ್ರ ಎಲ್ಲಿ ನಿಲ್ಲುತ್ತದೆ!

ಕಳೆದ ಬೇಸಗೆಯ ಕೊನೆಗೆ ಬಂದ ಒಂದು ಸಿಡಿಲಿಗೆ ನಮ್ಮ ಮನೆಯ ಕಂಪ್ಯೂಟರು ಸತ್ತಿತು. ಪೂರ್ತಿ ಸತ್ತದ್ದಲ್ಲ, ಅದರ ಪವರ್ ಸಪ್ಲೈ ಮಾತ್ರ. ಗೋಡೆಯಿಂದ ಬರುವ ಕರೆಂಟನ್ನು ಹದಮಾಡಿ ಒಳಗಿನ ಭಾಗಗಳಿಗೆಲ್ಲ ಬಡಿಸುವ ಡಬ್ಬಿ ಅದು. ಕಂಪ್ಯೂಟರು ಹೆಸರಿಗೆ ನನ್ನದು, ಪ್ರಶ್ನೆಪತ್ರಿಕೆ ಟೈಪು ಮಾಡಲು. ನಿಜವಾದ ಒಡೆತನ ಅತ್ತೆಯದು. ಬೆಳಗ್ಗೆ ಸ್ನಾನ, ಜಪ, ತಿಂಡಿ ಆದ ಮೇಲೆ ಅವರು ಅದರ ಮುಂದೆ ಕುಳಿತು ಒಬ್ಬರೇ ಇಸ್ಪೀಟು ಆಡುತ್ತಾರೆ. ಹೊರಗೆ ಇಸ್ಪೀಟು ಎಂಬ ಶಬ್ದ ಕೇಳಿದರೂ ಮುಖ ಸಿಂಡರಿಸುವ ಅವರು ಇದಕ್ಕೊಂದು ಸಮಾಧಾನ ಕಂಡುಕೊಂಡಿದ್ದಾರೆ: "ಇದರಲ್ಲಿ ಪಂಥ ಇಲ್ಲ. ಗೆದ್ದರೂ ನಾನೇ, ಸೋತರೂ ನಾನೇ. ಯಾರಿಗೆ ಪಾಪ?"

ತಾಯಿಯ ಆಟ ನಿಂತ ಸುದ್ದಿ ಬಂಟ್ವಾಳಕ್ಕೆ ಮುಟ್ಟಿದ್ದೇ ತಡ, ಭಾವ ಬಿ.ಸಿ.ರೋಡಿನ ಅಂಗಡಿಯೊಂದಕ್ಕೆ ಹೋಗಿ, ಅಲ್ಲಿದ್ದ ಅಗ್ಗದ ಪವರ್ ಸಪ್ಲೈಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, ಎಲ್ಲಕ್ಕಿಂತ ಭಾರವಾದದ್ದನ್ನು ತಂದರು. ನನ್ನ ಕೈಗೆ ಕೊಟ್ಟು, "ನೋಡು ಸುಮತಿ, ಹೇಗುಂಟು? ಒಳ್ಳೆ ಗಟ್ಟಿ ಮಾಲು. ಇದಕ್ಕೆ ಇನ್ನು ಹತ್ತಿಪ್ಪತ್ತು ವರ್ಷ ಏನೂ ಆಗುದಿಲ್ಲ" ಎಂದರು. ನಿಜಕ್ಕೂ ಗಟ್ಟಿಯಾಗಿಯೇ ಇತ್ತು. ಮೇಲೆ ಕಪ್ಪು ಬಣ್ಣ, ಹೊಳೆಯುವ ಚೀಟಿ, ಚೀಟಿಯ ತುಂಬ ದೊಡ್ಡ ದೊಡ್ಡ ಅಂಕಿ. ನಾನೂ ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡಿ ತಲೆಯಾಡಿಸಿದೆ. ಆ ಮನೆತನದ ಗಾಳಿ ನನಗೂ ತಾಗಿತ್ತು ಎಂದು ಕಾಣುತ್ತದೆ.

ಕೆಲವು ವಾರ ಎಲ್ಲ ಸರಿಯಿತ್ತು. ಒಂದು ಭಾನುವಾರ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದಾಗ ಚಾವಡಿಯಿಂದ ಅತ್ತೆಯ ಕೂಗು ಕೇಳಿಸಿತು. ಓಡಿಹೋದೆ. ಅವರು ಬಲಗೈಯನ್ನು ಎದೆಗೆ ಒತ್ತಿಕೊಂಡು, ಕುರ್ಚಿಯಿಂದ ಅಷ್ಟು ದೂರ ಗೋಡೆಗೆ ಒರಗಿ ನಿಂತಿದ್ದರು. ಅಂದು ಜಪಕ್ಕೂ ತಿಂಡಿಗೂ ಮೊದಲೇ, ಆಗಷ್ಟೇ ಸ್ನಾನ ಮಾಡಿ ಬಂದ ಕಾಲು, ನೆಲದ ಮೇಲೆ ಒದ್ದೆ ಹೆಜ್ಜೆ.

"ಇದು ಕಚ್ಚಿತು!" ಎಂದರು, ಕಂಪ್ಯೂಟರಿನ ಪೆಟ್ಟಿಗೆಯನ್ನು ತೋರಿಸಿ.

ಅವರನ್ನು ಕೂರಿಸಿ, ನೀರು ಕೊಟ್ಟು, ಕೈ ಉಜ್ಜಿದೆ. ಬೆರಳು ಬಿಳಿಚಿಕೊಂಡದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಟೆಸ್ಟರು ತಂದು ಪೆಟ್ಟಿಗೆಯ ತಗಡಿಗೆ ತಾಗಿಸಿದೆ. ಕೆಂಪು ದೀಪ ಹೊತ್ತಿತು. ಮನೆಯ ಯಜಮಾನತಿ ದಿನಾ ಕೈಯಿಟ್ಟು ಕೂರುವ ತಗಡಿನಲ್ಲಿ ಕರೆಂಟು! ಪ್ಲಗ್ಗು ಕಿತ್ತು, ಭಾವನಿಗೆ ಫೋನು ಮಾಡಿದೆ.

ಭಾವ ಮಧ್ಯಾಹ್ನದ ಊಟಕ್ಕೂ ಕಾಯದೆ ಬಂದರು. ನಂಬಲಿಲ್ಲ. "ಅಷ್ಟು ಭಾರದ್ದು ಶಾಕ್ ಹೊಡಿಯುದುಂಟಾ? ನಿಮ್ಮ ಮನೆಯ ವಯರಿಂಗೇ ಸರಿ ಇಲ್ಲ" ಎಂದರು. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗು ಸರಿಯಾಗಿದೆ ಎಂದು ನಾನು ತೋರಿಸಿದರೂ ಕೇಳದೆ, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಪ್ಲಗ್ಗು ಹಾಕಿ, ಸ್ವಿಚ್ಚು ಒತ್ತಿ, ಬೆರಳಿನ ಹಿಂಬದಿಯನ್ನು ಪೆಟ್ಟಿಗೆಗೆ ಮೆಲ್ಲ ತಾಗಿಸಿದರು. "ನೋಡಿ, ಏನೂ ಇಲ್ಲ."

ಅತ್ತೆ ಅವರ ಕಾಲು ನೋಡಿದರು. ಗಡಿಬಿಡಿಯಲ್ಲಿ ಭಾವ ರಬ್ಬರ್ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದರು.

"ಚಪ್ಪಲಿ ತೆಗೆದು ಮುಟ್ಟು ಮಗಾ" ಎಂದರು ಅತ್ತೆ, ತಣ್ಣಗೆ.

ಆಮೇಲೆ ಭಾವ ಹಾರಿದ್ದನ್ನು ನಾನು ವರ್ಣಿಸುವುದಿಲ್ಲ. ಅವರು ನನಗಿಂತ ಹಿರಿಯರು.

ಡಬ್ಬಿಯನ್ನು ಈಗಲೇ ಬಿಚ್ಚುವ ಎಂದು ಅವರು ಹಟ ಹಿಡಿದರು. ಪ್ಲಗ್ಗು ಕಿತ್ತ ಮೇಲೂ ಒಳಗೆ ಕರೆಂಟು ಸ್ವಲ್ಪ ಹೊತ್ತು ಅಡಗಿ ಕೂತಿರುತ್ತದೆ, ನಾಳೆ ಸಂಜೆಯವರೆಗೆ ಮುಟ್ಟುವ ಹಾಗಿಲ್ಲ ಎಂದು ನಾನೂ ಹಟ ಹಿಡಿದೆ. ಗೆದ್ದದ್ದು ನಾನೇ. ಭಾವನ ಬೆರಳು ಆಗಲೂ ಜುಮುಗುಡುತ್ತಿದ್ದದ್ದು ನನಗೆ ಅನುಕೂಲವಾಯಿತು.

ಮರುದಿನ ಶಾಲೆ ಬಿಟ್ಟು ಬರುವಷ್ಟರಲ್ಲಿ ಭಾವ ಅಂಗಡಿ ಬೇಗ ಮುಚ್ಚಿ ಬಂದು ಕೂತಿದ್ದರು. ಚಾವಡಿಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಸ್ಕ್ರೂ ತೆಗೆದು, ಮುಚ್ಚಳ ಎತ್ತಿದೆ. ಮೊದಲು ನನಗೆ ಕಂಡದ್ದು ಖಾಲಿ ಜಾಗ. ಹಸಿರು ಹಲಗೆಯ ಮೇಲೆ ಒಂದೊಂದು ಬಿಡಿಭಾಗ ಕೂರಬೇಕಾದಲ್ಲಿ ಅದರ ಗುರುತು ಅಚ್ಚಾಗಿತ್ತು, ಭಾಗ ಮಾತ್ರ ಇರಲಿಲ್ಲ. ಅದರ ಬದಲು ಒಂದು ತುಂಡು ತಂತಿ. ಶಾಲೆಗೆ ಬಾರದ ಹುಡುಗನ ಪರವಾಗಿ ಪಕ್ಕದವ "ಹಾಜರ್" ಎಂದು ಕೂಗುತ್ತಾನಲ್ಲ, ಥೇಟು ಹಾಗೆ. ಬಿಸಿ ಹೊರಹಾಕಬೇಕಾದ ಅಲ್ಯೂಮಿನಿಯಂ ಪಟ್ಟಿಗಳು ಎಣ್ಣೆ ಡಬ್ಬದ ತಗಡಿಗಿಂತ ತೆಳು. ಪ್ಲಗ್ಗಿನ ಕಡೆಯಿಂದ ಪೆಟ್ಟಿಗೆಗೆ ಬಿಗಿಯಬೇಕಾಗಿದ್ದ ಅರ್ಥಿಂಗಿನ ತಂತಿ ಅಲ್ಲಿ ಇರಲೇ ಇಲ್ಲ. ನಾವು ಮಕ್ಕಳಿಗೆ ಜೀವ ಉಳಿಸುವ ತಂತಿ ಎಂದು ಹೇಳಿಕೊಡುವುದು ಅದನ್ನೇ.

"ಹಾಗಾದ್ರೆ ಭಾರ ಎಲ್ಲಿಂದ ಬಂತು?" ಎಂದರು ಭಾವ.

ಡಬ್ಬಿಯ ಮೂಲೆಯಲ್ಲಿ ಕಪ್ಪು ಬಣ್ಣ ಬಳಿದ ಒಂದು ಗಟ್ಟಿ ಇತ್ತು. ಅದಕ್ಕೆ ಯಾವ ತಂತಿಯ ಸಂಬಂಧವೂ ಇರಲಿಲ್ಲ. ಅಂಟು ಬಿಟ್ಟು ಅಲ್ಲಾಡುತ್ತಿತ್ತು. ನಾನು ಅದನ್ನು ಹೊರಗೆ ತೆಗೆದು ಸ್ಕ್ರೂಡ್ರೈವರಿನಿಂದ ಕೆರೆದೆ. ಬಣ್ಣ ಹೋಗಿ ಬೂದಿ ಬಣ್ಣದ ಪುಡಿ ಉದುರಿತು.

ಸಿಮೆಂಟು.

ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ, ಶುದ್ಧ ಮನೆ ಕಟ್ಟುವ ಸಿಮೆಂಟು! ಕೈಯಲ್ಲಿ ಎತ್ತಿ ನೋಡುವವರಿಗಾಗಿಯೇ, ಅಂದರೆ ನಮಗಾಗಿಯೇ, ಯಾರೋ ಎಲ್ಲಿಯೋ ಕುಳಿತು ಅದನ್ನು ಅಚ್ಚು ಹೊಯ್ದಿದ್ದರು. ಬಿಡಿಭಾಗ ಹಾಕಲು ಮನಸ್ಸು ಬಾರದವರು ಬಣ್ಣ ಹೊಡೆಯುವ ತಾಳ್ಮೆ ತೋರಿಸಿದ್ದರು. ಸಾಲದ್ದಕ್ಕೆ, ಆ ಗಟ್ಟಿ ಅಲ್ಲಾಡಿ ಅಲ್ಲಾಡಿ ಪಕ್ಕದ ಕರೆಂಟಿನ ತಂತಿಯನ್ನು ತಗಡಿಗೆ ಉಜ್ಜಿ, ಅದರ ಮೇಲಿನ ಪ್ಲಾಸ್ಟಿಕ್ಕನ್ನು ಸವೆಸಿತ್ತು. ಅತ್ತೆಗೆ ಹೊಡೆದದ್ದು ಅಲ್ಲಿಂದ ಸೋರಿದ ಕರೆಂಟು. ಇನ್ನೊಂದಿಷ್ಟು ಸವೆದಿದ್ದರೆ ಒಳಗಿನ ತಾಮ್ರ ನೇರ ತಗಡಿಗೇ ಕೂರುತ್ತಿತ್ತು. ಒದ್ದೆ ಕಾಲಿನ ಅತ್ತೆ ಅದರ ಮುಂದೆ... ನಾನು ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಭಾವ ಆ ಗಟ್ಟಿಯನ್ನು ಅಂಗೈಯಲ್ಲಿ ಹಿಡಿದು ಕೂತರು. ಹಿಂದಿನ ದಿನ ಕರೆಂಟು ಹೊಡೆದಾಗಲೂ ಅವರ ಮುಖ ಹಾಗೆ ಆಗಿರಲಿಲ್ಲ. "ಅಮ್ಮನಿಗೆ ನಾನೇ ಆರಿಸಿ ತಂದದ್ದಲ್ಲವಾ ಮಾರಾಯ್ತಿ" ಎಂದರು. ಅತ್ತೆ ಒಳಗೆ ಹೋಗಿ ಅವರಿಗೆ ಎಳ್ಳು ಬೆಲ್ಲದ ಪಾನಕ ಮಾಡಿ ತಂದರು.

ಬಿ.ಸಿ.ರೋಡಿನ ಅಂಗಡಿಯವನ ಜೊತೆ ದೊಡ್ಡ ಜಗಳವಾಗುತ್ತದೆ ಎಂದು ಸಿದ್ಧಳಾಗಿಯೇ ಭಾವನೊಂದಿಗೆ ಹೋದೆ. ಆತ ಡಬ್ಬಿಯೊಳಗೆ ನೋಡಿ ನಮಗಿಂತ ಹೆಚ್ಚು ಬೆಚ್ಚಿಬಿದ್ದ. ಅದೇ ಜಾತಿಯ ಇನ್ನೊಂದನ್ನು ತಾನೇ ಬಿಚ್ಚಿದ. ಅದರಲ್ಲೂ ಸಿಮೆಂಟು. "ಅಯ್ಯೋ ಟೀಚರ್, ನನ್ನ ಬಿಲ್ಲಿನ ಕಂಪ್ಯೂಟರಿಗೆ ಹಾಕಿದ್ದೂ ಇದನ್ನೇ!" ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಆ ಜಾತಿಯ ಉಳಿದವನ್ನೆಲ್ಲ ಇನ್ನು ಮಾರುವುದಿಲ್ಲವೆಂದು ಕಪಾಟಿನಿಂದ ಇಳಿಸಿದ. ಈ ಸಲ ಆರಿಸುವ ಕೆಲಸ ನನ್ನದು. ತಂತಿಯ ದಪ್ಪ, ಸರಕಾರದ ಗುರುತು, ಫ್ಯಾನಿನ ಸಂದಿಯಿಂದ ಟಾರ್ಚು ಬಿಟ್ಟರೆ ಕಾಣುವ ಒಳಗಿನ ಜನಸಂಖ್ಯೆ, ಎಲ್ಲ ನೋಡಿ ಒಂದನ್ನು ತೆಗೆದುಕೊಂಡೆ. ಭಾವ ಅದನ್ನು ಎತ್ತಿ ನೋಡಲೂ ಇಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಎರಡು ದಿನ ಬಿಟ್ಟು ಭಾವನ ಫೋನು ಬಂತು. ಧ್ವನಿ ಗುರುತು ಸಿಗದ ಹಾಗಿತ್ತು.

"ಸುಮತಿ, ನನ್ನ ಅಂಗಡಿಯಲ್ಲೂ ಉಂಟು."

"ಏನುಂಟು ಭಾವ?"

"ಕಾಲುದೀಪದ ಬುಡದಲ್ಲಿ. ಮರಳು ಕಲಸಿದ ಅರಗು."

ಸಿಮೆಂಟಿನ ಗಟ್ಟಿ ಕಂಡಂದಿನಿಂದ ಅವರಿಗೆ ನಿದ್ದೆ ಸರಿಯಾಗಿರಲಿಲ್ಲವಂತೆ. ಅಂಗಡಿಯ ಒಂದೊಂದೇ ಪಾತ್ರೆಯನ್ನು ಬೋರಲು ಹಾಕಿ ಬಡಿದು ನೋಡಿದ್ದಾರೆ. ಹೊಸದಾಗಿ ಬಂದ ದೀಪಗಳ ಬುಡದ ತಗಡು ಎಬ್ಬಿಸಿದರೆ ಒಳಗೆಲ್ಲ ಅರಗು. ಹಿತ್ತಾಳೆಯೆಂದು ಅವರು ತೂಗಿ ಕೊಂಡದ್ದು, ತೂಗಿ ಮಾರಿದ್ದು! ಮಾರಿದ್ದು ಒಂದೇ ದೀಪ, ಬೆಳ್ತಂಗಡಿಯ ಆಚೆ ಹೊಸ ಮನೆ ಒಕ್ಕಲಾದ ಲೀಲಕ್ಕ ಎಂಬವರಿಗೆ. "ನಾಳೆ ಹೋಗಿ ಹೇಳಿ ಬರುವ. ನೀನೂ ಬಾ. ನನಗೆ ಒಬ್ಬನಿಗೆ ಬಾಯಿ ಬರ್ಲಿಕ್ಕಿಲ್ಲ" ಎಂದರು.

ಭಾವನ ಜೀಪಿನಲ್ಲಿ ವೇಣೂರು ದಾಟಿ, ಗುರುವಾಯನಕೆರೆ ದಾಟಿ, ಬೆಳ್ತಂಗಡಿಯ ಆಚೆ ಮುಟ್ಟಿದೆವು. ಲೀಲಕ್ಕನ ಮನೆಯಲ್ಲಿ ಅವಳಿ ಮೊಮ್ಮಕ್ಕಳು ಕಿರುಚುತ್ತ ಕೋಣೆಯಿಂದ ಕೋಣೆಗೆ ಓಡುತ್ತಿದ್ದರು. ದೀಪ ದೇವರ ಮುಂದೆ ಉರಿಯುತ್ತಿತ್ತು. ಭಾವ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿ, ಜೀಪಿನಲ್ಲಿ ತಂದಿದ್ದ, ಬುಡದಲ್ಲಿ ಅರಗಿಲ್ಲದ ಅಪ್ಪಟ ಹಿತ್ತಾಳೆಯ ದೀಪವನ್ನು ಮುಂದಿಟ್ಟರು.

ಲೀಲಕ್ಕ ಹೌಹಾರಿದರು, ಆದರೆ ಬೇರೆಯೇ ಕಾರಣಕ್ಕೆ. "ಇದನ್ನು ಕೊಂಡುಹೋಗ್ತೀರಾ? ಬೇಡ ಅಣ್ಣಾ! ಈ ಎರಡು ಪಿಶಾಚಿಗಳು ದಿನಾ ಇದಕ್ಕೆ ಹೋಗಿ ಬಡಿತವೆ, ಆದ್ರೂ ಬೀಳುದಿಲ್ಲ. ನಿಮ್ಮ ಹೊಸತು ಬಿದ್ದು ಬೆಂಕಿ ಹಿಡಿದ್ರೆ?" ಅವರು ದೀಪದ ಎದುರು ಅಡ್ಡ ನಿಂತೇಬಿಟ್ಟರು.

ಭಾವ ನನ್ನ ಮುಖ ನೋಡಿದರು. ನನ್ನ ಭೌತಶಾಸ್ತ್ರ ನಿರ್ದಾಕ್ಷಿಣ್ಯವಾಗಿ ಲೀಲಕ್ಕನ ಪರ ನಿಂತಿತು. ಬುಡ ಭಾರವಿದ್ದದ್ದು ಉರುಳುವುದಿಲ್ಲ. ಕಡೆಗೆ ಭಾವ, ಅರಗಿನಷ್ಟೇ ತೂಗುವ ಒಂದು ಹಿತ್ತಾಳೆ ತಂಬಿಗೆಯನ್ನು ಜೀಪಿನಿಂದ ತಂದು ಒತ್ತಾಯದಿಂದ ಅವರ ಕೈಗಿಟ್ಟರು. ಲೀಲಕ್ಕ ತಂಬಿಗೆಯನ್ನು ಬೋರಲು ಮಾಡಿ ಒಳಗೆ ಇಣುಕಿ ನೋಡಿಯೇ ತೆಗೆದುಕೊಂಡರು.

ಮೊನ್ನೆ ಬಂಟ್ವಾಳಕ್ಕೆ ಹೋದಾಗ ಭಾವನ ಅಂಗಡಿಯ ಹೊರಗೆ ನಾನು ಗಕ್ಕನೆ ನಿಂತೆ. ಕಪಾಟಿನ ತುಂಬ ಕಾಲುದೀಪಗಳು ಬುಡ ಮೇಲಾಗಿ, ತಲೆ ಕೆಳಗಾಗಿ ಸಾಲಾಗಿ ನಿಂತಿದ್ದವು. ತಗಡು ಎಬ್ಬಿಸಿದ ಬುಡದ ಪೊಳ್ಳು ಎಲ್ಲರಿಗೂ ಕಾಣುವ ಹಾಗೆ. ಬಾಗಿಲಲ್ಲೇ ನಿಂತಿದ್ದ ಒಬ್ಬ ಹೆಂಗಸು ಗಾಬರಿಯಿಂದ, "ಇದೆಂಥ ಅವಲಕ್ಷಣ? ದೀಪವನ್ನು ಯಾರಾದ್ರೂ ತಲೆಕೆಳಗೆ ಇಡ್ತಾರಾ?" ಎಂದು ಕೇಳುತ್ತಿದ್ದರು.

"ಬುಡ ನೋಡಿ ತಕ್ಕೊಳ್ಳಿ ಅಕ್ಕಾ" ಎಂದರು ಭಾವ, ಒಂದನ್ನು ಅವರತ್ತ ಸರಿಸುತ್ತ. "ಬೆಳಕು ಹೇಗೂ ಮೇಲೆಯೇ ಬರುವುದು."