ನನ್ನ ಅಳುವಿಗೆ ಕಾಲಮ್ ಇರಲಿಲ್ಲ

ನಿನ್ನೆ ಮಂಡಿ ತೋರಿಸಿಕೊಂಡು ಆಸ್ಪತ್ರೆಯಿಂದ ಹೊರಬಿದ್ದಿದ್ದೆ, ಇನ್ನೂ ಆಟೋ ಹತ್ತಿರಲಿಲ್ಲ, ಫೋನು ಟಿಂಗೆಂದಿತು. ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಅಂತ. ಮಂಡಿಯ ಕಥೆ ಕೇಳಲು ಡಾಕ್ಟರಿಗೆ ಪುರುಸೊತ್ತಿರಲಿಲ್ಲ, ನಕ್ಷತ್ರ ಮಾತ್ರ ನಿಂತ ಕಾಲ ಮೇಲೆ ಬೇಕು. ನಿಮಗೂ ಬಂದಿರುತ್ತೆ ಬಿಡಿ. ಆದರೆ ಈ ವಿಷಯದಲ್ಲಿ ನಾನು ನಿಮಗಿಂತ ಸೀನಿಯರ್. ನಕ್ಷತ್ರಗಳಿಲ್ಲದ ಕಾಲದಲ್ಲೇ ಸಂಶೋಧನೆಗೆ ಸಿಕ್ಕಿಬಿದ್ದವಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬಾಡಿಗೆಗಿದ್ದೆವು. ಯಜಮಾನರು ಮೈಸೂರಿನಿಂದ ವರ್ಗವಾಗಿ ಬಂದ ವಿಜ್ಞಾನಿ. ನನ್ನ ಗರ್ಭಕೋಶದಲ್ಲಿ ಗಡ್ಡೆಗಳಿವೆ, ಗರ್ಭಕೋಶವನ್ನೇ ತೆಗೆಯಬೇಕು ಅಂದರು ಅಲ್ಲಿನ ಡಾಕ್ಟರು. ನನಗೆ ನಲವತ್ತರ ಹತ್ತಿರ, ಮಕ್ಕಳಿರಲಿಲ್ಲ. ಎರ್ನಾಕುಲಂನಲ್ಲಿ ಒಳ್ಳೆಯ ಸರ್ಜನ್ ಇದ್ದಾರೆಂದು ಯಾರೋ ಹೇಳಿದ್ದಕ್ಕೆ ಅಲ್ಲಿಯವರೆಗೂ ಹೋದೆವು. ಸಣ್ಣ ತೂತು ಕೊರೆದು ಆಪರೇಷನ್ ಮಾಡಿದರೆ ರೋಗಿ ಎಷ್ಟು ಬೇಗ ಏಳುತ್ತಾಳೆ ಎಂದು ಅವರು ಅಧ್ಯಯನ ಮಾಡುತ್ತಿದ್ದರು. ಸೇರ್ತೀರಾ ಅಂದರು. ಹೊಟ್ಟೆ ಅವರ ಕೈಯಲ್ಲಿರುವಾಗ ಬೇಡ ಅನ್ನುವುದು ಹೇಗೆ?

ಆಮೇಲೆ ಅವರ ಸಹಾಯಕಿಯ ಫೋನುಗಳು. ಮಾತೆಲ್ಲ ಇಂಗ್ಲಿಷು, ನಡುವೆ ಒಂದು ‘ಚೇಚಿ’, ಅಂದರೆ ಅಕ್ಕ. ನೋವು ಹತ್ತರಲ್ಲಿ ಎಷ್ಟು ಚೇಚಿ? ಗ್ಯಾಸ್ ಹೋಗ್ತಿದೆಯಾ ಚೇಚಿ? ಹೋದರೆ ಅವಳಿಗಾಗುತ್ತಿದ್ದ ಸಂತೋಷ ನನ್ನ ತಾಯಿಗೂ ಆಗಿರಲಾರದು. ಒಂದು ದಿನ, “ಸುಮ್ಮಸುಮ್ಮನೆ ಅಳು ಬರುತ್ತೆ” ಅಂದೆ.

“ಹೊಲಿಗೆ ನೋಯುತ್ತಾ?”

“ಇಲ್ಲ.”

“ಹಾಗಾದ್ರೆ ನಮ್ಮಲ್ಲಿ ಅದಕ್ಕೆ ಕಾಲಮ್ ಇಲ್ಲ ಚೇಚಿ. ಇಲ್ಲಿನ ಕೌನ್ಸೆಲಿಂಗ್ ಸೆಂಟರ್‌ನವರಿಗೆ ನಿಮ್ಮ ಹೆಸರು ಕೊಡ್ತೀನಿ.”

ಕೊಟ್ಟಳು. ಅವರದೂ ಒಂದು ಅಧ್ಯಯನ ನಡೆದಿತ್ತು, ಜನರಿಗೆ ಕೌನ್ಸೆಲಿಂಗ್ ಎಷ್ಟು ಸುಲಭವಾಗಿ ಸಿಗುತ್ತಿದೆ ಎಂದು. ಅದಕ್ಕಾಗಿ ಒಬ್ಬ ಹುಡುಗಿ ಎರ್ನಾಕುಲಂನಿಂದ ನಮ್ಮ ಮನೆಯವರೆಗೂ ಬಂದಳು.

“ನಮ್ಮ ಸೆಂಟರ್‌ಗೆ ಬರೋಕೆ ಕಷ್ಟ ಆಯ್ತಾ ಚೇಚಿ?”

“ಬಂದೇ ಇಲ್ವಲ್ಲಮ್ಮ. ಅಷ್ಟು ದೂರ ರೈಲಲ್ಲಿ ಹೋಗೋ ಚೈತನ್ಯ ಇದ್ದಿದ್ರೆ ಕೌನ್ಸೆಲಿಂಗ್ ಯಾಕೆ ಬೇಕಿತ್ತು?”

“ಬಂದವರನ್ನ ಮಾತ್ರ ಕೇಳಬೇಕು ಅಂತ ಹೇಳಿದಾರೆ” ಎಂದು ಪಾಪ ಪೆಚ್ಚಾದಳು. ನನ್ನ ಕಾಫಿ ಕುಡಿದು, ನನ್ನ ಹೆಸರು ಹೊಡೆದುಹಾಕಿ ಹೋದಳು. ಬಂದವರನ್ನಷ್ಟೇ ಕೇಳಿದರೆ ದಾರಿ ಸುಲಭವಾಗಿತ್ತು ಅನ್ನದೆ ಇನ್ನೇನು ಅಂತಾರೆ? ಸರ್ಜನ್ನರ ಲೆಕ್ಕದಲ್ಲಿ ನಾನು ಗುಣವಾಗಿದ್ದೆ, ಇವರ ಲೆಕ್ಕದಲ್ಲಿ ಇರಲೇ ಇಲ್ಲ. ಯಜಮಾನರು “ರಿಪೋರ್ಟೆಲ್ಲ ನಾರ್ಮಲ್ ಇದೆಯಲ್ಲ” ಎಂದು ಪೇಪರಿನೊಳಗೆ ಹೊಕ್ಕರು. ನಾನು ಊಟ ಬಿಟ್ಟೆ, ಸ್ನಾನ ಬಿಟ್ಟೆ. ಬೆಳಿಗ್ಗೆ ಯಾಕಾದರೂ ಆಗುತ್ತೋ ಅನ್ನಿಸತೊಡಗಿತ್ತು.

ಮಹಡಿಯ ಮೇಲೆ ಧಾರವಾಡದ ಗಿರಿಜಾ ಇದ್ದಳು. ಬೀದಿನಾಯಿಗಳ ನಡವಳಿಕೆ ಮೇಲೆ ಪಿಎಚ್‌ಡಿ. ಬೆಳಗಾದರೆ ಹಿತ್ತಿಲಾಚೆಯ ಓಣಿಯಲ್ಲಿ ಸ್ಟೂಲು ಹಾಕಿಕೊಂಡು ನಾಯಿ ನೋಡುವುದು. ಕರೆಯುವಂತಿಲ್ಲ, ಬಿಸ್ಕತ್ತು ಹಾಕುವಂತಿಲ್ಲ, ಏನೇ ಆದರೂ ನಡುವೆ ಹೋಗುವಂತಿಲ್ಲ, ಬರೀ ನೋಡಿ ಬರೆಯಬೇಕು. ಆಪರೇಷನ್ನಿಗೆ ಮುಂಚೆ ನಾನೇ ಗೇಲಿ ಮಾಡಿದ್ದೆ, “ನಾಯಿ ಮಲಗಿದೆ ಅಂತ ಬರೆಯೋಕೂ ಡಾಕ್ಟರೇಟಾ?”

“ಮಲಗೈತಿ ಅಂದ್ರ ನಿದ್ದಿ ಮಾಡಾಕತ್ತೈತಿ ಅಂತ ಅಲ್ರಿ ಅಕ್ಕಾರ” ಅಂದಿದ್ದಳು.

ಒಂದು ಬೆಳಿಗ್ಗೆ, ನಾಯಿ ನೋಡುವ ಹೊತ್ತಿನಲ್ಲೇ, ಬಾಗಿಲು ಬಡಿದಳು. “ಸೀರಿ ಉಟ್ಕೊಳ್ರಿ, ಹೋಗೂಣು.”

“ಎಲ್ಲಿಗೆ? ನಾನು ಚೆನ್ನಾಗಿದ್ದೀನಿ.”

“ನಾ ಕೇಳಿಲ್ರಿ, ನೋಡೀನಿ. ಬಟ್ಟಿ ಒಣಗಸಾಕ ಬರ್ತೀರಿ, ಹಗ್ಗಾ ಹಿಡಕೊಂಡು ಹಂಗ ನಿಂತಬಿಡ್ತೀರಿ. ಬಟ್ಟಿ ಬಕೀಟ್‌ನ್ಯಾಗ ಇರ್ತಾವು. ಒಳಗ ಹೋಗ್ತೀರಿ.”

“ನಡುವೆ ಹೋಗಬಾರದು ಅಂತ ಇದ್ಯಲ್ಲ ನಿಮ್ಮ ಶಾಸ್ತ್ರದಲ್ಲಿ.”

“ಅದು ನಾಯಿಗ್ರೀ.”

ಊರೊಳಗಿನ ಕೌನ್ಸೆಲರ್ ಒಬ್ಬರ ಹತ್ತಿರ ಕರೆದೊಯ್ದಳು. ಇಂಗ್ಲಿಷಿನಲ್ಲಿ ಗ್ಯಾಸಿನ ವಿಚಾರ ಹೇಳಬಲ್ಲೆ, ಮಲಯಾಳದಲ್ಲಿ ತೆಂಗಿನಕಾಯಿ ಚೌಕಾಸಿ ಮಾಡಬಲ್ಲೆ. ದುಃಖ ಮಾತ್ರ ಎರಡರಲ್ಲೂ ಬರಲೊಲ್ಲದು. ಕೊನೆಗೆ ನಾನು ಕನ್ನಡದಲ್ಲಿ ಹೇಳುವುದು, ಗಿರಿಜಾ ಮಲಯಾಳಕ್ಕೆ ತಿರುಗಿಸುವುದು ಎಂದಾಯಿತು. ಗಡ್ಡೆ, ಆಸ್ಪತ್ರೆ, ಫೋನುಗಳವರೆಗೆ ಸರಾಗ ಹೋಯಿತು. ಆಮೇಲೆ ನಾನು, “ಈ ವಯಸ್ಸಲ್ಲೂ ಒಂದು ಮಗು ಆಗುತ್ತೆ ಅಂತಲೇ ಇದ್ದೆ” ಅಂದೆ. ಅದುವರೆಗೆ ಯಾರ ಮುಂದೆಯೂ ಆಡದ ಮಾತು. ಗಿರಿಜಾ ತಿರುಗಿಸಲಿಲ್ಲ. ಕೌನ್ಸೆಲರ್ ಕಾದರು, ಆಮೇಲೆ ಟಿಶ್ಯೂ ಡಬ್ಬಿ ತೆಗೆದು ಅವಳ ಮುಂದಿಟ್ಟರು. ನಾನು ರೋಗಿ, ಅತ್ತವಳು ದುಭಾಷಿ. ಆಪರೇಷನ್ನಾದ ಮೇಲೆ ಮೊದಲ ಸಲ ನಗು ಬಂತು.

ಆಮೇಲೂ ಸುಮಾರು ಬೆಳಿಗ್ಗೆಗಳು ಅವಳ ನಾಯಿಗಳನ್ನು ನೋಡುವವರಿರಲಿಲ್ಲ. ಗೈಡು ಬೈದರಂತೆ. ನಾನು ಮೆಲ್ಲಗೆ ಬಟ್ಟೆ ಒಣಹಾಕತೊಡಗಿದೆ.

ಇವತ್ತು ಇಷ್ಟನ್ನು ಬರೆದು ಫೇಸ್‌ಬುಕ್ಕಿಗೆ ಹಾಕುವ ಮೊದಲು ಯಜಮಾನರಿಗೆ ಓದಿ ಹೇಳಿದೆ, ಪೇಪರಿನ ಸಾಲಿಗೆ ರೇಗಲಿ ಎಂದೇ. ರೇಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು.

“ನನಗೂ ಹಾಗೇ ಇತ್ತು ಕಣೇ” ಅಂದರು. “ಆಗುತ್ತೆ ಅಂತಲೇ ಇದ್ದೆ.”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೇವೆ. ಇವರನ್ನು ಸರ್ಜನ್ ಕೇಳಿರಲಿಲ್ಲ, ಆ ಹುಡುಗಿ ಕೇಳಿರಲಿಲ್ಲ, ಗಿರಿಜಾಳ ಕಣ್ಣು ಹಿತ್ತಿಲಿಂದ ಇವರ ಪೇಪರಿನವರೆಗೆ ಹೋಗಿರಲಿಲ್ಲ. ಊರಿನ ಸಂಶೋಧಕರನ್ನೆಲ್ಲ ಜಾಲಾಡುವ ನಾನೂ ಕೇಳಿರಲಿಲ್ಲ.

ಫೋನು ಬೋರಲು ಹಾಕಿ ಇವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

“ಹೇಳಿ” ಅಂದೆ.