ಅವ್ವ ಇಳಿಯದ ಕಾರು

ಧನಕವಡಿಯ ನಮ್ಮ ಮನೆ ಮುಂದೆ, ದಸರೆಯ ಖಂಡೇಪೂಜೆಗೆಂದು ಕಾರಿನ ಗಾಲಿಯಡಿ ಲಿಂಬೆಹಣ್ಣು ಇಡುತ್ತಿದ್ದೆ. ಅದರ ವಾಸನೆಗೆ ಪೆಟ್ರೋಲಿನ ವಾಸನೆ ಬೆರೆತದ್ದೇ ಅವ್ವ ನೆನಪಾದಳು.

ನಾನು ಚಿಕ್ಕವಳಿದ್ದಾಗ ಅಪ್ಪನ ಈ ಹಳೇ ಕಾರು ಓಡುತ್ತಿರಲಿಲ್ಲ. ಪ್ರತಿ ರವಿವಾರ ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿರುತ್ತಿದ್ದ. ಆದರೂ ಪೂಜೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಲಿಂಬೆಹಣ್ಣು ಒಡೆಯಲೆಂದು ಅಪ್ಪ, ನಾನು ಹಿಂದಿನಿಂದ ತಳ್ಳುತ್ತಿದ್ದೆವು.

"ಏ, ಕೆಳಗ ಇಳಿ, ಭಾರ ಆಗ್ತದ," ಎಂದು ಅಪ್ಪ ರೇಗುತ್ತಿದ್ದ.

"ನಾ ಇಳಿಯಂಗಿಲ್ಲ, ತಳ್ರಿ!" ಎಂದು ಅವ್ವ ನಗುತ್ತಿದ್ದಳು.

ಅವಳು ತೀರಿಕೊಂಡ ಮೇಲೂ ಅಪ್ಪ ಪಿಂಪ್ರಿಯ ಗುಜರಿಯಿಂದ ಬಿಡಿಭಾಗ ತಂದು ರಿಪೇರಿ ಮಾಡುತ್ತಲೇ ಇದ್ದ.

ಇವತ್ತು ಮೊದಲ ಸಲ ಇಂಜಿನ್ ಶುರುವಾಯಿತು. ಅಪ್ಪ ಪಕ್ಕದ ಸೀಟು ನೋಡಿದ. ಇಂಜಿನ್ ಬಂದ್ ಮಾಡಿ ಇಳಿದ.

"ಬಾರವ್ವಾ, ತಳ್ಳೂಣು."

ತಳ್ಳಿದೆವು.

"ಭಾಳ ಹಗುರಾಗೇದ," ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ.