ಭೂತಪ್ಪನವರ ನಾಲ್ಕಡಿ ದಾರ

ಹೊಸ್ತಿಲಿಗೆ ಬೆಳಕು ಇನ್ನೂ ಮುಟ್ಟಿಲ್ಲ. ಭೂತಪ್ಪ ಸ್ಟ್ಯಾಂಡಿನ ಮೂರು ಕಾಲುಗಳನ್ನು ಜಗುಲಿಯಲ್ಲಿ ಊರಿ, ಕ್ಯಾಮೆರಾದ ಕೆಳಗಿನ ತಿರುಪಿಗೆ ಒಂದು ಬಿಳಿ ದಾರ ಕಟ್ಟುತ್ತಾರೆ. ದಾರದ ಇನ್ನೊಂದು ತುದಿಯಲ್ಲಿ ಗಂಟು. ಆ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ನಡೆದು, ಮಣೆಯ ಮೇಲೆ ಕೂತ ಕೆರಿಯಮ್ಮನ ಬಲಗಣ್ಣಿನ ಮಗ್ಗುಲಿಗೆ ಮುಟ್ಟಿಸುತ್ತಾರೆ.

"ಎಂತಕಾ ಹಗ್ಗ? ನಾ ಏನ್ ಹೋರಿಯಾ?" ಕೆರಿಯಮ್ಮನಿಗೆ ಎಂಬತ್ತು ದಾಟಿದೆ.

"ಓಡಿ ಹೋಗ್ಬಾರ್ದಲ್ಲ ಅಮ್ಮ."

"ಓಡೂ ಕಾಲ ಆಗಿದ್ರೆ ನಿನ್ನ ಕೈಗೆ ಸಿಕ್ತಿದ್ನಾ?"

ಕೊಟ್ಟಿಗೆ ಬಾಗಿಲಲ್ಲಿ ನಿಂತ ಕೆರಿಯಮ್ಮನ ಮಗ ಶೇಷಪ್ಪ ನಗುತ್ತಾನೆ. ಭೂತಪ್ಪ ನಗುವುದಿಲ್ಲ. ದಾರ ಬಿಗಿಯಾಗುವವರೆಗೆ ಸ್ಟ್ಯಾಂಡನ್ನು ಎರಡು ಬೆರಳಷ್ಟು ಹಿಂದೆ ಸರಿಸಿ, ಮತ್ತೆ ಅಳೆದು, ದಾರವನ್ನು ಕೆಳಗೆ ಬಿಡುತ್ತಾರೆ. ಅಷ್ಟರಲ್ಲಿ ಪೂರ್ವದ ಬಾಗಿಲಿಂದ ಬಿಸಿಲು ಒಳಗೆ ತೆವಳಿ ಕೆರಿಯಮ್ಮನ ಕೆನ್ನೆಯ ಸುಕ್ಕುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ.

"ಉಸಿರು ಬಿಟ್ಟು ಹಂಗೇ ಇರಿ ಅಮ್ಮ. ನಗಬೇಡಿ, ನಕ್ರೆ ತಲೆ ಹಿಂದೆ ಹೋಗ್ತದೆ."

ಗುಂಡಿ ಒತ್ತುತ್ತಾರೆ. ಕ್ಯಾಮೆರಾದ ಕಿಂಡಿಗೆ ಅವರು ಕಣ್ಣಿಡಲೇ ಇಲ್ಲ.

"ಅದ್ರಲ್ಲಿ ನೋಡೂದಿಲ್ವಾ ಭೂತಪ್ಪಣ್ಣ?" ಶೇಷಪ್ಪ ಕೇಳುತ್ತಾನೆ.

"ನೋಡಿಯೇ ಕೆಟ್ಟೋನು ಮಾರಾಯ ನಾನು."

ಹೊಸನಗರದ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಬೆಂಚು, ಒಂದು ನೀಲಿ ಪರದೆ, ಹಿಂದೆ ಒಂದು ಕತ್ತಲೆ ಕೋಣೆ ಇರುವ ಸ್ಟುಡಿಯೋ ಭೂತಪ್ಪನವರದು. ವಯಸ್ಸು ಐವತ್ತನಾಲ್ಕು. ದಿನಕ್ಕೆ ನಾಲ್ಕೋ ಐದೋ ಪಾಸ್‌ಪೋರ್ಟ್ ಅಳತೆಯ ಫೋಟೋ: ಪರೀಕ್ಷೆಗೆ ಕಟ್ಟುವವರು, ತಾಲ್ಲೂಕು ಕಚೇರಿಗೆ ಅರ್ಜಿ ಹಾಕುವವರು. ಬಸ್ಸು ಕೆಟ್ಟ ದಿನ ಅದೂ ಇಲ್ಲ. ಆದರೆ ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯಲ್ಲಿ ಅವರ ಹೆಸರು ಉಳಿದಿರುವುದು ಬೇರೆ ಕೆಲಸದಿಂದ. ಬೆನ್ನ ಹಿಂದೆ ಜನ ಕರೆಯುವುದು 'ಹೆಣದ ಫೋಟೋದವನು' ಎಂದು.

ಇಲ್ಲಿಯ ಹಳ್ಳಿಗಳಲ್ಲಿ ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂಬ ಅಂಜಿಕೆ ಹಿರಿಯರಿಗೆ ಹೋಗಿಲ್ಲ. ಪ್ರಾಣ ಹೋದ ಮೇಲೆ ಮಾತ್ರ ಮನೆಯವರಿಗೆ ನೆನಪಾಗುತ್ತದೆ, ತಿಥಿಗೆ ಇಡಲು ಮುಖವೇ ಇಲ್ಲವೆಂದು. ಯಾರೋ ಸೈಕಲ್ಲು ತುಳಿದುಕೊಂಡು ಸ್ಟುಡಿಯೋಗೆ ಬರುತ್ತಾರೆ. ಗೋಡೆಗೆ ಒರಗಿಸಿ ಕೂರಿಸಿದ ದೇಹ, ಗದ್ದಕ್ಕೆ ಬಿಗಿದ ಬಟ್ಟೆ, ಮುಚ್ಚಿದ ಕಣ್ಣು. ಭೂತಪ್ಪ ತೆಗೆದು ತಂದು, ಅಚ್ಚು ಹಾಕಿ, ಮುಚ್ಚಿದ ರೆಪ್ಪೆಯ ಮೇಲೆ ಕೂದಲೆಳೆಯ ಕುಂಚದಿಂದ ತೆರೆದ ಕಣ್ಣು ಬರೆಯುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ನಾನೂರ ಹನ್ನೊಂದು ಮುಖ.

"ಸತ್ತೋರ ಕಣ್ಣು ಹೆಂಗಿತ್ತು ಅಂತ ನಂಗೇನ್ ಗೊತ್ತು?" ಎನ್ನುತ್ತಾರೆ ಭೂತಪ್ಪ. "ನಂಗೆ ಗೊತ್ತಿದ್ದದ್ದು ಒಂದೇ ಜೊತೆ ಕಣ್ಣು. ಗಂಡಸಿರ್ಲಿ ಹೆಂಗಸಿರ್ಲಿ, ಅದನ್ನೇ ಬರ್ದೆ. ಬರೀವಾಗ ತಿಳೀಲೂ ಇಲ್ಲ."

ಆ ಕಣ್ಣು ಅವರ ಹೆಂಡತಿ ಗುತ್ಯಮ್ಮನದು.

ಗುತ್ಯಮ್ಮ ತಮ್ಮ ಫೋಟೋ ಒಂದನ್ನೂ ತೆಗೆಯಗೊಡುತ್ತಿರಲಿಲ್ಲ. "ಹೆಣ ನೋಡಿ ನೋಡಿ ಪಳಗಿದ ಗಾಜು ಅದು. ನನ್ನ ಕಡೆ ತಿರುಗಿಸ್ಬೇಡಿ," ಎನ್ನುತ್ತಿದ್ದರು. ಫ್ಲ್ಯಾಶ್ ಎಂದರೆ ಇನ್ನೂ ಹೆಚ್ಚು ಭಯ, ಮನೆಯೊಳಗೆ ಸಿಡಿಲು ತಂದಂತೆ. ಅದಕ್ಕೆಂದೇ ಭೂತಪ್ಪ ಕಿಟಕಿ ಬೆಳಕಲ್ಲೇ ಜೀವಂತ ಮುಖ ಹಿಡಿಯುವ ಲೆನ್ಸ್ ಒಂದನ್ನು ಹುಡುಕತೊಡಗಿದರು. ಕ್ಯಾಮೆರಾದ ಜೊತೆ ಬಂದ ಲೆನ್ಸಿನಲ್ಲಿ ಹತ್ತಿರ ಹೋದರೆ ಮೂಗು ಮುಂದೆ ಬಂದು ನಿಲ್ಲುತ್ತಿತ್ತು, ದೂರ ನಿಂತರೆ ಮುಖ ಬೆರಳುಗುರಿನಷ್ಟಾಗುತ್ತಿತ್ತು.

ಎಂಬತ್ತೆರಡನೆಯ ಇಸವಿಯಲ್ಲಿ ಸಾಗರದ ಮುಕುಂದಯ್ಯ ವಯಸ್ಸಾಯಿತೆಂದು ತಮ್ಮ ಸ್ಟುಡಿಯೋ ಮುಚ್ಚಿದರು. ಟವೆಲಿನ ಮೇಲೆ ಎರಡು ಲೆನ್ಸ್ ಇಟ್ಟು ಭೂತಪ್ಪನವರನ್ನು ಕೂರಿಸಿಕೊಂಡರು. ಒಂದು ಉದ್ದನೆಯದು, ನೂರ ಮೂವತ್ತೈದು ಮಿಲಿಮೀಟರಿನದು. ಇನ್ನೊಂದು ರಷ್ಯಾದ್ದು, ಎಂಬತ್ತೈದರದು, ಗಿಡ್ಡ, ಬಾವಿಯ ಬಾಯಿಯಂಥ ಅಗಲ ಗಾಜು.

"ಉದ್ದದ್ದು ತಗಂಡ್ರೆ ಹಿಂದೆ ಹೋಗ್ತಾ ಹೋಗ್ತಾ ಜಗುಲಿಯಿಂದ ಅಂಗಳಕ್ಕೆ ಬೀಳ್ತೀಯ," ಎಂದರು ಮುಕುಂದಯ್ಯ. "ಬೆಳಕೂ ಸಾಲೂದಿಲ್ಲ. ಈ ಗಿಡ್ಡ ಇದೆ ನೋಡು, ಬೆಳಕನ್ನ ಬೊಗಸೇಲಿ ಕುಡೀತದೆ. ಆದ್ರೆ ಪೂರಾ ತೆರೆದಾಗ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ ಸ್ಪಷ್ಟ. ಕಣ್ಣಿಗೆ ಹಿಡಿದ್ರೆ ಕಿವಿ ಮಸುಕು, ಕಿವಿಗೆ ಹಿಡಿದ್ರೆ ಕಣ್ಣು ಮಸುಕು. ಲೆನ್ಸಿನ ಉಂಗುರ ತಿರುಗಿಸೂ ಕೈಗಿಂತ ನೋಡೂ ಕಣ್ಣು ಗಟ್ಟಿ ಇರ್ಬೇಕು. ನಿನ್ನ ಕಣ್ಣು ಹೆಂಗಿದೆ?"

"ಚೆನ್ನಾಗಿದೆ," ಎಂದರು ಭೂತಪ್ಪ.

ಚೆನ್ನಾಗಿರಲಿಲ್ಲ. ಬಲಗಣ್ಣಿಗೆ ಆಗಲೇ ಎಣ್ಣೆ ಕಾಗದ ಅಂಟಿಸಿದಂತಿತ್ತು. ಬೀದಿಯ ಬಿಸಿಲಿಗೆ ಬಂದು ಎದುರಂಗಡಿಯ ಬೋರ್ಡಿಗೆ ಲೆನ್ಸ್ ಹಿಡಿದು ನೋಡಿದರು. ಅಕ್ಷರ ಕಂಡಂತಾಯಿತು. ಗಿಡ್ಡದ್ದನ್ನೇ ಆರಿಸಿದರು.

ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಇದು ಇನ್ನೂ ಒಂದು ಹೆಣಾನೂ ನೋಡಿಲ್ಲ ಮಾರಾಯ್ತಿ."

ಗುತ್ಯಮ್ಮ ಒಪ್ಪಿದರು. ತಲೆ ಬಾಚಿ, ಓಲೆ ಇಟ್ಟುಕೊಂಡು, ಅಡುಗೆಮನೆಯ ಕಿಟಕಿಯ ಪಕ್ಕ ಕೂತರು. ಭೂತಪ್ಪ ಕಿಂಡಿಗೆ ಕಣ್ಣಿಟ್ಟು, ಉಂಗುರವನ್ನು ಹಿಂದೆ ಮುಂದೆ ತಿರುಗಿಸಿ, ಸರಿಯಾಯಿತು ಎನ್ನಿಸಿದಾಗೆಲ್ಲ ಗುಂಡಿ ಒತ್ತಿದರು. ಹದಿನಾಲ್ಕು ಸಲ. ಹದಿನಾಲ್ಕರಲ್ಲೂ ಮುಖ ಮಂಜು. ಕೆಲವುಗಳಲ್ಲಿ ಹಿಂದಿನ ಕಂಬದ ಬಿರುಕು ಸ್ಪಷ್ಟ. ಒಂದರಲ್ಲಿ ಕಿವಿ.

"ಹೋಗ್ಲಿ ಬಿಡಿ, ಇನ್ನೊಂದ್ಸಲ ಕೂರ್ತೀನಿ. ನಾನೆಲ್ಲಿಗೆ ಹೋಗ್ತೀನಿ?" ಎಂದು ಗುತ್ಯಮ್ಮ ನಕ್ಕಿದ್ದರು. ನಲವತ್ತು ದಿನಕ್ಕೆ ಜ್ವರ ಬಂತು. ತೀರ್ಥಹಳ್ಳಿಯ ಆಸ್ಪತ್ರೆಯಿಂದ ಮರಳಿ ಬರಲಿಲ್ಲ. ನೆಂಟರು, "ಒಂದು ತೆಗಿಯಾ ಭೂತಪ್ಪ, ಎಲ್ಲರದ್ದೂ ತೆಗಿದೀಯ," ಎಂದರು. ಅವರು ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೆ ಯಾವ ಸಾವಿನ ಮನೆಗೂ ಹೋಗಿಲ್ಲ.

ಮಂಜಾದ ಆ ಹದಿನಾಲ್ಕರಲ್ಲಿ ಒಂದಕ್ಕೆ ಕಣ್ಣು ಬರೆಯಲು ಒಮ್ಮೆ ಕೂತಿದ್ದರಂತೆ.

"ಬರ್ಲಿಲ್ಲ. ಕುಂಚದ ತುದಿಯೇ ಕಾಣ್ಲಿಲ್ಲ. ಕಂಡಿದ್ರೂ, ಅದು ಸತ್ತೋರಿಗೆ ಬರಿಯೂ ಕಣ್ಣು. ಮೂರು ತಾಲ್ಲೂಕಿನ ಗೋಡೆ ಮೇಲೆ ಅವ್ಳ ಕಣ್ಣಿದಾವೆ. ನಮ್ಮನೆ ಗೋಡೆ ಮೇಲಿಲ್ಲ."

ದಾರ ಬಂದದ್ದು ಆ ನಂತರ. ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿ, ಒಂದೊಂದು ದೂರಕ್ಕೆ ಒಂದೊಂದು ಚಿತ್ರ ತೆಗೆದು, ಬಸ್ಸಿಗೆ ಕಾಯುವವರನ್ನು ಒಳಗೆ ಕರೆದು, "ಯಾವುದ್ರಲ್ಲಿ ಅಕ್ಷರ ಓದ್ಬಹುದು ನೋಡಿ," ಎಂದು ಕೇಳಿದರು. ಮೂರು ರೀಲು ಹೋದ ಮೇಲೆ ನಾಲ್ಕಡಿಯ ಅಳತೆ ಸಿಕ್ಕಿತು. ಲೆನ್ಸಿನ ಉಂಗುರವನ್ನು ಅಲ್ಲಿಗೇ ನಿಲ್ಲಿಸಿ ಕಪ್ಪು ಪಟ್ಟಿ ಸುತ್ತಿದರು. ಅಂದಿನಿಂದ ಅದು ತಿರುಗಿಲ್ಲ. ಕತ್ತಲೆ ಕೋಣೆಯಲ್ಲೂ ಹಾಗೇ, ಅಚ್ಚು ಹಾಕುವ ಯಂತ್ರಕ್ಕೆ ಒಂದೇ ಎತ್ತರ, ಚಿತ್ರಕ್ಕೆ ಒಂದೇ ಅಳತೆ.

ಈಗ ತಾವಾಗಿಯೇ ಹಳ್ಳಿಗಳಿಗೆ ಹೋಗಿ, ಇದ್ದಾಗಲೇ ತೆಗೆಸಿಕೊಳ್ಳಿ ಎಂದು ಬೇಡುತ್ತಾರೆ. ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಮನೆಗಳೇ ಹೆಚ್ಚು. "ಈ ಸಲ ಯಾರ ಸರದಿ ಅಂತ ನೋಡೂಕೆ ಬಂದ್ರಾ?" ಎಂದು ಕೇಳಿದವರೂ ಇದ್ದಾರೆ. ಮೂರು ವರ್ಷದಲ್ಲಿ ಕೂತವರು ಇಪ್ಪತ್ತಾರು ಮಂದಿ. ಕೆರಿಯಮ್ಮ ಇಪ್ಪತ್ತೇಳನೆಯವರು. ತೀರ್ಥಹಳ್ಳಿಯ ಕಣ್ಣಿನ ಶಿಬಿರದಲ್ಲಿ ಡಾಕ್ಟರು ಭೂತಪ್ಪನವರಿಗೆ, ಬಲಗಣ್ಣಿನ ಕಾಲ ಮುಗಿದಿದೆ, ಎಡಗಣ್ಣಿನ ಪೊರೆ ಇನ್ನೂ ಬಲಿಯಬೇಕು ಎಂದಿದ್ದಾರೆ.

"ತೆಗ್ಯೂಕೆ ಅದು ಹಣ್ಣಾಗ್ಬೇಕಂತೆ. ಅಲ್ಲೀವರ್ಗೆ ಕತ್ಲೆ ಬೆಳೆಸ್ತಾ ಕೂತ್ಕಳ್ಳೂದು," ಎನ್ನುತ್ತಾರೆ ಭೂತಪ್ಪ.

ಎಂಟು ದಿನದ ಮೇಲೆ ಶೇಷಪ್ಪ ಸ್ಟುಡಿಯೋಗೆ ಬರುತ್ತಾನೆ. ಭೂತಪ್ಪ ಕೆರಿಯಮ್ಮನ ಚಿತ್ರವನ್ನು ಅವನ ಕೈಗಿತ್ತು, ತಾವು ಬೇರೆ ಕಡೆ ನೋಡುತ್ತಾ ಕೇಳುತ್ತಾರೆ, "ರೆಪ್ಪೆ ಕೂದಲು ಎಣಿಸೂಕಾಗ್ತದಾ?"

ಶೇಷಪ್ಪ ಬಾಗಿಲ ಬೆಳಕಿಗೆ ಹೋಗುತ್ತಾನೆ. "ಆಗ್ತದೆ ಅಣ್ಣ. ಈಗ ಬೈಯ್ತಾಳೇನೋ ಅನ್ನೂ ಹಂಗಿದೆ."

ಭೂತಪ್ಪ ತಲೆಯಾಡಿಸುತ್ತಾರೆ. ಮೇಜಿನ ಡ್ರಾಯರಿನಿಂದ ಇನ್ನೊಂದು ಚಿತ್ರ ತೆಗೆದು ಅವನ ಮುಂದೆ ಇಡುತ್ತಾರೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ ಎಂಬುದು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಯಾರಾದರೂ ಒಬ್ಬರ ಕಣ್ಣಿಗಾದರೂ ಆ ಮುಖ ಕಂಡೀತೆಂದು.

"ಇದ್ರಲ್ಲಿ?"

ಶೇಷಪ್ಪ ತುಂಬ ಹೊತ್ತು ನೋಡುತ್ತಾನೆ. ಹತ್ತಿರ ಹಿಡಿಯುತ್ತಾನೆ, ದೂರ ಹಿಡಿಯುತ್ತಾನೆ.

"ಓಲೆ ಚೆನ್ನಾಗಿ ಬಂದದೆ ಭೂತಪ್ಪಣ್ಣ," ಎನ್ನುತ್ತಾನೆ ಕೊನೆಗೆ.

ಭೂತಪ್ಪ ಚಿತ್ರವನ್ನು ವಾಪಸ್ ತೆಗೆದುಕೊಂಡು, ಅಂಚನ್ನು ಬೆರಳಿಂದ ಸವರಿ, ಕಾಗದದಲ್ಲಿ ಸುತ್ತುತ್ತಾರೆ.

"ಬೆಂಡೋಲೆ ಅದು. ಮದ್ವೆ ವರ್ಷ ಸಾಗರದಲ್ಲಿ ನಾನೇ ಮಾಡ್ಸಿ ಕೊಟ್ಟದ್ದು."